ಕುಂಕುಮ ಹಚ್ಚಿದ ಬಿಲ್ಡ್ ಸರ್ವರ್

ಚಂದ್ರಾ ಲೇಔಟಿನ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಸೇತುರಾಮನ ಆಫೀಸು. ಆರೇ ಜನರ ಸಾಫ್ಟ್‌ವೇರ್ ಕಂಪನಿ. ಅವರು ಮಾಡಿದ್ದು ಒಂದೇ ಆ್ಯಪ್. ಸಕ್ಕರೆ ಕಾಯಿಲೆಯವರಿಗೆ ಅದು ಹೊತ್ತು ಹೊತ್ತಿಗೆ ಗಂಟೆ ಹೊಡೆದು ನೆನಪಿಸುತ್ತದೆ: ಈಗ ಇನ್ಸುಲಿನ್ ತಗೊಳ್ಳಿ, ಈಗ ಊಟ ಮಾಡಿ. ಸೇತುರಾಮ ಅದನ್ನು ಮೊದಲು ಬರೆದದ್ದು ಹೊಸಹಳ್ಳಿಯಲ್ಲಿರುವ ಅಕ್ಕ ಜಗದಾಂಬಾಳಿಗಾಗಿ. ಅಕ್ಕನಿಗೆ ಮರೆವು ಜಾಸ್ತಿ. ಇನ್ಸುಲಿನ್ ಚುಚ್ಚಿಕೊಂಡು ಊಟ ಮರೆತರೆ ಜೀವಕ್ಕೇ ಸಂಚಕಾರ. ಈಗ ಅದೇ ಆ್ಯಪ್ ಎರಡು ಸಾವಿರ ಜನರ ಫೋನಿನಲ್ಲಿದೆ.

ಆಫೀಸಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಅದೇ ಬಿಲ್ಡ್ ಸರ್ವರ್. ಹಿಟ್ಟಿನ ಮಿಲ್ಲು ಇದ್ದ ಹಾಗೆ ಅಂದುಕೊಳ್ಳಿ. ಇವರು ಬರೆದ ಪ್ರೋಗ್ರಾಮನ್ನು ಒಂದು ಕಡೆ ಸುರಿದರೆ, ಅದೇ ಜೋಡಿಸಿ, ಪರೀಕ್ಷೆ ಮಾಡಿ, ಕಂಪನಿಯ ಡಿಜಿಟಲ್ ಸಹಿ ಹಾಕಿ ಜನರ ಫೋನಿಗೆ ಕಳಿಸಿಬಿಡುತ್ತಿತ್ತು. ಹಾಗೆ ತಯಾರಾಗಿ ಹೊರಬರುವುದಕ್ಕೆ ಬಿಲ್ಡ್ ಅಂತ ಹೆಸರು. ನಡುವೆ ಮನುಷ್ಯರ ಕೈ ಬೇಕಿರಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನವೂ ಅದು ಕೆಟ್ಟು ನಿಂತದ್ದಿಲ್ಲ. ಅದರ ಮೇಲೆ ಸೇತುರಾಮ "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದ.

ಆಯುಧಪೂಜೆಗೆ ಮೂರು ದಿನ ಇರುವಾಗ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಕೋಕಿಲಾ ಅವನ ಮೇಜಿನ ಹತ್ತಿರ ಬಂದಳು.

"ಸಾರ್, ನಮ್ ಬಿಲ್ಡ್ ಸರ್ವರ್ ಸಾಫ್ಟ್‌ವೇರ್ ಮಾಡಿದವ್ರೇ ಎಚ್ಚರಿಕೆ ಕೊಟ್ಟಿದಾರೆ. ಹಳೇ ವರ್ಷನ್‌ನಲ್ಲಿ ಒಂದು ತೂತಿದೆಯಂತೆ. ಪಾಸ್‌ವರ್ಡ್ ಇಲ್ದೇನೇ ಯಾರು ಬೇಕಾದ್ರೂ ಒಳಗ್ ಬರ್ಬೋದಂತೆ. ನಮ್ದು ಅದೇ ಹಳೇದು."

"ನೋಡಮ್ಮಾ, ನಾಲ್ಕು ವರ್ಷದಿಂದ ಅದನ್ನ ಯಾರೂ ಮುಟ್ಟಿಲ್ಲ. ಅದಕ್ಕೇ ಚೆನ್ನಾಗಿ ಓಡ್ತಿದೆ."

"ಓಡ್ತಿದೆ ಸಾರ್, ಇಲ್ಲ ಅನ್ನಲ್ಲ. ಆದ್ರೆ ಲಾಕ್‌ಡೌನ್‌ನಲ್ಲಿ ಮನೆಯಿಂದ ಕೆಲ್ಸ ಮಾಡೋಕೆ ಅಂತ ಅದನ್ನ ಇಂಟರ್ನೆಟ್‌ಗೆ ತೆರೆದಿಟ್ರಂತಲ್ಲ, ಇನ್ನೂ ಮುಚ್ಚೇ ಇಲ್ಲ. ನಮ್ ಸಹಿ ಹಾಕೋ ಕೀನೂ ಅದರಲ್ಲೇ ಇದೆ."

ಸೇತುರಾಮ ನಕ್ಕ. "ಬೇಕರಿ ಮೇಲಿರೋ ಆಫೀಸನ್ನ ಹುಡುಕ್ಕೊಂಡು ಯಾವನಮ್ಮಾ ಬರ್ತಾನೆ?"

"ಹುಡುಕೋದು ಮನುಷ್ಯರಲ್ಲ ಸಾರ್, ಪ್ರೋಗ್ರಾಮ್‌ಗಳು. ಒಂದೊಂದೇ ಬಾಗಿಲು ತಳ್ಳಿ ನೋಡ್ತಾ ಹೋಗ್ತವೆ. ಚಿಕ್ಕೋರು ದೊಡ್ಡೋರು ಅಂತೆಲ್ಲ ನೋಡಲ್ಲ. ಅರ್ಧ ದಿನ ಕೊಡಿ, ಅಪ್‌ಡೇಟ್ ಮಾಡ್ಬಿಡ್ತೀನಿ."

"ಅಪ್‌ಡೇಟ್ ಮಾಡಕ್ಕೋಗಿ ಅದು ನಿಂತೋದ್ರೆ? ಹಬ್ಬದ ಮುಂದೆ ಬೇಡ. ಹಬ್ಬ ಮುಗೀಲಿ, ನೋಡೋಣ."

"ಹೋಗ್ಲಿ, ಇಂಟರ್ನೆಟ್‌ನಿಂದಾದ್ರೂ ತೆಗೀಲಾ? ಐದು ನಿಮಿಷ ಸಾಕು."

"ರಜದಲ್ಲಿ ಏನಾದ್ರೂ ಆದ್ರೆ ನಾನು ವಿಜಯನಗರದ ಮನೆಯಿಂದಾನೇ ನೋಡ್ಬೇಕಲ್ಲಮ್ಮಾ. ಇರ್ಲಿ ಬಿಡು."

ಐದೇ ನಿಮಿಷದ ಕೆಲಸ! ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಅವನನ್ನೊಬ್ಬನನ್ನೇ ಬೈದು ಏನು ಪ್ರಯೋಜನ? ನಾವೆಲ್ಲ ಹಾಗೇ ಅಲ್ಲವೇ?

ಹಬ್ಬದ ದಿನ ಸರ್ವರನ್ನು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದರು. ಮೆಟ್ಟಿಲ ಕೆಳಗೆ ಬೂದುಗುಂಬಳ ಒಡೆದರು. ಪುರಿ, ಸಿಹಿ ಹಂಚಿ ನಾಲ್ಕು ದಿನ ರಜೆ ಕೊಟ್ಟರು. "ಇನ್ನು ಯಾರ ದೃಷ್ಟಿನೂ ತಾಗಲ್ಲ ಬಿಡು," ಎಂದ ಸೇತುರಾಮ. ಪೂಜೆ ಮಾಡಿದ್ದು ತಪ್ಪಲ್ಲ. ಪೂಜೆ ಮಾಡಿ ಬಾಗಿಲು ಹಾಕದೆ ಹೋದದ್ದು ತಪ್ಪು.

ರಜೆ ಮುಗಿದ ದಿನ ಬೆಳಗ್ಗೆ ಅವನಿನ್ನೂ ಆಫೀಸಿನ ಬೀಗ ತೆಗೆಯುತ್ತಿದ್ದ. ಹೊಸಹಳ್ಳಿಯಿಂದ ಅಕ್ಕನ ಪಕ್ಕದ ಮನೆಯ ಗಂಗಲಕ್ಷ್ಮಮ್ಮನ ಫೋನು ಬಂತು.

"ಸೇತುರಾಮ, ಬೇಗ ಬಾಪ್ಪಾ. ನಿಮ್ಮಕ್ಕ ಬಿದ್ದೋಗಿದಾರೆ. ಮೈಯೆಲ್ಲ ಬೆವತು ತಣ್ಣಗಾಗಿದೆ. ಕೂಗಿದ್ರೆ ಏಳ್ತಾ ಇಲ್ಲ. ಆಂಬುಲೆನ್ಸ್‌ಗೆ ಹೇಳಿದೀವಿ."

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದರು. ಅಕ್ಕ ಕಣ್ಣು ಬಿಡುವ ಹೊತ್ತಿಗೆ ಸೇತುರಾಮನ ಅರ್ಧ ಜೀವ ಹೋಗಿತ್ತು. ಮಧ್ಯಾಹ್ನ ಅವಳು ಮೆಲ್ಲಗೆ ಮಾತಾಡಿದಳು.

"ಎಂಟೂವರೆಗೆ ಇನ್ಸುಲಿನ್ ತಗೊಂಡೆ ಕಣೋ. ಗಂಟೆ ಹೊಡೀಲಿ, ಆಮೇಲೆ ತಿಂಡಿ ತಿನ್ನೋಣ ಅಂತ ಪೇಪರ್ ಹಿಡ್ಕೊಂಡು ಕೂತೆ. ನಿನ್ನ ಗಂಟೆ ಹೊಡೀಲೇ ಇಲ್ವಲ್ಲೋ ಸೇತು."

ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ನಿನ್ನೆ ರಾತ್ರಿ ಊಟ ಆದ್ಮೇಲೆ ಆ್ಯಪು ಅದೇನೋ ಕೇಳ್ತು. ನಿಮ್ಮ ಮೆಸೇಜ್ ಎಲ್ಲಾ ಓದ್ಬೋದಾ ಅಂತ. ನಿನ್ನ ಆ್ಯಪು ತಾನೆ ಅಂತ ಸರಿ ಅಂತ ಒತ್ತಿದೆ."

ಸೇತುರಾಮ ಅಂಥದ್ದೇನನ್ನೂ ಬರೆದಿರಲಿಲ್ಲ. ಕಾರಿಡಾರಿಗೆ ಬಂದು ಕೋಕಿಲಾಳಿಗೆ ಫೋನು ಮಾಡಿ ಹೇಳಿದ. ಒಂದು ಗಂಟೆ ಬಿಟ್ಟು ಅವಳೇ ಫೋನು ಮಾಡಿದಳು.

"ಸಾರ್, ವಿಜಯದಶಮಿ ದಿನ ಮಧ್ಯಾಹ್ನ ಒಂದು ಗಂಟೆಗೆ ಸರ್ವರ್‌ನಲ್ಲಿ ಒಂದು ಬಿಲ್ಡ್ ಆಗಿದೆ. ನಮ್ಮೋರು ಯಾರೂ ಮಾಡಿಲ್ಲ. ಅದರೊಳಗೆ ನಾವು ಬರೀದೇ ಇರೋದು ಸೇರಿದೆ. ಜನರ ಮೆಸೇಜ್ ಕದ್ದು ಎಲ್ಲಿಗೋ ಕಳಿಸ್ತಿದೆ. ಅದರಿಂದಾನೇ ಊಟದ ಗಂಟೆ ಕೆಟ್ಟಿದೆ. ಮೇಲೆ ನಮ್ದೇ ಸಹಿ ಇದೆ ಸಾರ್. ಅದಕ್ಕೇ ಫೋನ್‌ಗಳು ನಂಬಿಬಿಟ್ಟಿವೆ."

ಆ ಹೊತ್ತಿನಲ್ಲಿ ಸೇತುರಾಮ ಬಾಳೆಎಲೆಯ ಮುಂದೆ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

"ಎಷ್ಟು ಜನಕ್ಕೆ ಹೋಗಿದೆ?"

"ಒಂಬೈನೂರು ಚಿಲ್ಲರೆ."

"ಸದ್ದಿಲ್ಲದೆ ಸರಿ ಮಾಡಿ ಹೊಸದು ಕಳಿಸ್ಬಿಡೋಣ್ವಾ?" ಕೇಳುವಾಗಲೇ ಅವನಿಗೆ ನಾಚಿಕೆಯಾಯಿತು.

"ಸರಿ ಮಾಡೋಕೆ ನಾಳೆ ಆಗುತ್ತೆ ಸಾರ್. ಇವತ್ತು ಸಂಜೆ ಎಲ್ರೂ ಇನ್ಸುಲಿನ್ ತಗೊಂಡು ಗಂಟೆ ಕಾಯ್ತಾ ಕೂತಿರ್ತಾರೆ. ಅವರೂ ಯಾರಿಗೋ ಅಕ್ಕಂದಿರೇ ಅಲ್ವಾ?"

ಸೇತುರಾಮ ಗೋಡೆಗೆ ಒರಗಿ ನಿಂತ. ಆಮೇಲೆ, "ಅವರೆಲ್ಲರ ಫೋನ್ ನಂಬರಿನ ಪಟ್ಟಿ ಕಳಿಸು," ಎಂದ.

ಮೊದಲು ಸರ್ವರಿನ ಇಂಟರ್ನೆಟ್ ಕೇಬಲ್ ಕಿತ್ತರು. ಆ್ಯಪ್ ಸ್ಟೋರಿನವರಿಗೆ ತಿಳಿಸಿದರು, ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಎಲ್ಲರಿಗೂ ಮೆಸೇಜ್ ಹಾಕಿದರು. ಮೆಸೇಜ್ ನೋಡದವರೂ ಇರುತ್ತಾರಲ್ಲ, ಅವರಿಗಾಗಿ ಆರು ಜನರೂ ಪಟ್ಟಿ ಹಂಚಿಕೊಂಡು ಒಬ್ಬೊಬ್ಬರಿಗೇ ಫೋನು ಮಾಡತೊಡಗಿದರು. ಸೇತುರಾಮ ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಹೇಳಿದ್ದನ್ನೇ ಹೇಳಿದ: "ನಮ್ಮಿಂದ ತಪ್ಪಾಗಿದೆ. ಗಂಟೆ ನಂಬ್ಬೇಡಿ. ಗಡಿಯಾರ ನೋಡಿ ಊಟ ಮಾಡಿ. ಆ್ಯಪ್ ತೆಗೆದುಹಾಕಿ." ಬೈದವರುಂಟು. ಅತ್ತವರೂ ಉಂಟು. ಎಲ್ಲವನ್ನೂ ಕೇಳಿಸಿಕೊಂಡ.

ಕತ್ತಲಾಗುವ ಹೊತ್ತಿಗೆ ಕೆಂಗೇರಿಯ ಜಂಬಣ್ಣ ಎಂಬ ಹಿರಿಯರು ಫೋನೆತ್ತಿದರು.

"ಹೌದಾ? ಈಗಷ್ಟೇ ಚುಚ್ಕೊಂಡೆ ಕಣಪ್ಪಾ. ಗಂಟೇನೇ ಕಾಯ್ತಿದ್ದೆ."

"ಕಾಯ್ಬೇಡಿ ಯಜಮಾನ್ರೇ! ಈಗ್ಲೇ ಎದ್ದು ತಟ್ಟೆ ಹಾಕ್ಕೊಳ್ಳಿ. ನಾನು ಲೈನಲ್ಲೇ ಇರ್ತೀನಿ."

ಆ ಕಡೆ ತಟ್ಟೆಯ ಸದ್ದಾಯಿತು. ಹಿರಿಯರು ಮುದ್ದೆ ಮುರಿದು ತಿನ್ನುವವರೆಗೆ ಸೇತುರಾಮ ಫೋನು ಇಡಲಿಲ್ಲ. ಇಟ್ಟಮೇಲೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತ.

ಆ ಹಳೇ ಕಂಪ್ಯೂಟರನ್ನು ಅವರು ಮತ್ತೆ ನಂಬಲಿಲ್ಲ. ಹೊಸದರಲ್ಲಿ ಮೊದಲಿಂದ ಎಲ್ಲ ಕೂರಿಸಿದರು. ಇಂಟರ್ನೆಟ್‌ನಲ್ಲಿ ಯಾರಿಗೂ ಕಾಣದ ಹಾಗೆ ಇಟ್ಟರು. ಸಹಿಯ ಕೀ ಬದಲಾಯಿಸಿ ಬೇರೆ ಕಡೆ ಭದ್ರ ಮಾಡಿದರು. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್, ಜೊತೆಗೆ ಓಟಿಪಿ. ಇಬ್ಬರು ನೋಡಿ ಒಪ್ಪದೆ ಯಾವ ಬಿಲ್ಡೂ ಹೊರಗೆ ಹೋಗುವುದಿಲ್ಲ. "ಮುಟ್ಟಬೇಡಿ" ಚೀಟಿಯನ್ನು ಸೇತುರಾಮನೇ ಕಿತ್ತ. ಅಲ್ಲಿ ಈಗ "ಅಪ್‌ಡೇಟ್ ಬಂದಿದೆಯಾ, ನೋಡಿದಿರಾ?" ಅಂತ ಒಂದು ಹಾಳೆ ಇದೆ. ಪ್ರತಿ ಶುಕ್ರವಾರ ಅದಕ್ಕೆ ಒಬ್ಬರು ಸಹಿ ಹಾಕಬೇಕು. ಕುಂಕುಮವೂ ಇದೆ.

ತಿಂಗಳಾದ ಮೇಲೆ ಅಕ್ಕನ ಫೋನಿಗೆ ಹೊಸ ಆ್ಯಪ್ ಹಾಕಿಕೊಟ್ಟ. ಗಂಟೆ ಸರಿಯಾಗಿ ಹೊಡೆಯಿತು. ಅಕ್ಕ ನಕ್ಕಳು. ಆದರೆ ಫೋನಿನ ಪಕ್ಕದಲ್ಲಿ ಒಂದು ಹಳೇ ಅಲಾರಂ ಗಡಿಯಾರವನ್ನೂ ಕೀಲಿ ಕೊಟ್ಟು ಇಟ್ಟುಕೊಂಡಳು.

"ಬೇಜಾರ್ ಮಾಡ್ಕೋಬೇಡ ಕಣೋ," ಎಂದಳು. "ಭಯ ಆಗುತ್ತೆ."

ಸೇತುರಾಮನಿಗೆ ಬೇಜಾರಾಯಿತು. ಆಗಬೇಕಾದದ್ದೇ ಅಂತಲೂ ಅನ್ನಿಸಿತು.

ಸಾಫ್ಟ್‌ವೇರ್ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಆಫೀಸಿನ ಮೂಲೆಯಲ್ಲೂ ಯಾರೂ ಮುಟ್ಟದ ಒಂದು ಸರ್ವರ್ ಓಡುತ್ತಿರಬಹುದು. ಓದುವುದನ್ನು ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿ ನೋಡಿ. ಹೊರಗಿನವರಿಗೆ ಅದು ತೆರೆದಿದೆಯಾ? ಕೊನೆಯ ಅಪ್‌ಡೇಟ್ ಯಾವಾಗ ಆಯಿತು? ಕೀ ಎಲ್ಲಿದೆ? ನಿಮ್ಮಲ್ಲಿ ಕೋಕಿಲಾಳಂಥವರು ಬಂದು ಅರ್ಧ ದಿನ ಕೇಳಿದರೆ ಇವತ್ತೇ ಕೊಡಿ. ಹಬ್ಬ ಮುಗಿಯಲಿ ಅನ್ನಬೇಡಿ. ನಿಮ್ಮ ಗಂಟೆಯನ್ನೇ ನಂಬಿಕೊಂಡು ಯಾರೋ ಊಟಕ್ಕೆ ಕಾಯುತ್ತಾ ಕೂತಿದ್ದಾರೆ.