ಕಿಟಕಿಯ ಪಕ್ಕದ ಬಾಟಲಿ

ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ನಾದಿನಿಯ ಹಾರ್ಮೋನ್ ಬಾಟಲಿ ಅಲ್ಲಿನ ಕಿಟಕಿಯ ಪಕ್ಕ ಬಿಸಿಲಿಗೆ ಬೆತ್ತಲೆ ನಿಂತಿದ್ದನ್ನು ಅತ್ತಿಗೆ ಮೊದಲ ದಿನವೇ ನೋಡಿದಳು. ನೋಡಿ ಬಾಯಿಗೆ ಬೀಗ ಹಾಕಿಕೊಂಡಳು.

ಆ ಬಾಟಲಿಗೆ ಫಾಯಿಲ್ ಸುತ್ತಬೇಕು. ಬೆಳಕು ಬಿದ್ದರೆ ಹಾರ್ಮೋನ್ ಕೆಲಸಕ್ಕೆ ಬಾರದು. ಹೊಸಬರಿಗೆ ಇದನ್ನೆಲ್ಲ ಹೇಳಿಕೊಡುವ ಹೊಣೆ ಪ್ರಯೋಗಾಲಯದಲ್ಲಿ ಹಿರಿಯಳಾದ ಅತ್ತಿಗೆಯದೇ. ಎಳೆಯ ಸೋಯಾ ಕಾಯಿ ಬಿಡಿಸಿ, ಒಳಗಿನ ಭ್ರೂಣ ತೆಗೆದು, ಗಾಜಿನ ತಟ್ಟೆಯಲ್ಲಿ ಸಾಕುವ ಕೆಲಸ. ಹಾರ್ಮೋನ್ ಕೊಟ್ಟರೆ ಭ್ರೂಣ ಮೊಳೆಯುವ ಆತುರ ಬಿಟ್ಟು ಎಣ್ಣೆ ತುಂಬಿಕೊಳ್ಳುತ್ತದೆ. ಆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಯಾವುದು ಏರಿತು, ಯಾವುದು ಇಳಿಯಿತು ಎಂದು ಈ ಬೆಳೆ ಮುಗಿಯುವುದರೊಳಗೆ ತೋರಿಸಿದರೆ ಮಾತ್ರ ನಾದಿನಿಯ ಸಂಶೋಧನೆಯ ಸೀಟು ಉಳಿಯುತ್ತಿತ್ತು.

ಆದರೆ ಮನೆಯಲ್ಲಿ ಅತ್ತೆಯ ಬಾಯಿ ಸುಮ್ಮನಿರಬೇಕಲ್ಲ! "ನನ್ನ ಮಗಳು ನಿನ್ನ ಹಾಗಲ್ಲಮ್ಮ, ಒಂದ್ಸಲ ಹೇಳಿದ್ರೆ ಸಾಕು." ಒಂದು ಸಲವೂ ಹೇಳದಿದ್ದರೆ ಏನು ಮಾಡುತ್ತಾಳೋ ನೋಡೇಬಿಡೋಣ ಎಂದುಕೊಂಡಳು ಸೊಸೆ. ದಿನಾ ಬೆಳಗ್ಗೆ ನಾದಿನಿಯ ಬುತ್ತಿಗೆ ಅದೇ ಫಾಯಿಲ್ ಸುತ್ತಿಕೊಡುವಾಗ ಆ ಪುಣ್ಯಾತ್ಗಿತ್ತಿಯ ಕೈ ಒಮ್ಮೆಯೂ ತಡೆಯಲಿಲ್ಲ.

ತಟ್ಟೆಗಳನ್ನು ತೆರೆದಾಗ ಹಾರ್ಮೋನ್ ಕೊಟ್ಟವೂ ಕೊಡದವೂ ಒಂದೇ ಸಮ ಬೇರು ಬಿಟ್ಟು ಕೂತಿದ್ದವು. ಅಳೆಯಲು ಎಣ್ಣೆಯೇ ಇರಲಿಲ್ಲ. ಹೊಲದಲ್ಲಿ ಕಾಯಿಯೂ ಮುಗಿದಿತ್ತು.

ಪ್ರೊಫೆಸರ್ ಕಿಟಕಿಯತ್ತ ನೋಡಿದರು. "ಇದನ್ನ ಬಿಸಿಲಲ್ಲಿ ಇಡ್ತಾರೇನಮ್ಮ? ಯಾರೂ ಹೇಳಿರ್ಲಿಲ್ವಾ?"

"ಮೊದಲ ದಿನಾನೇ ಹೇಳಿದ್ದೆ ಸರ್," ಎಂದಳು ಅತ್ತಿಗೆ.

ನಾದಿನಿ ಅವಳ ಮುಖವನ್ನೇ ನೋಡಿದಳು. ಚಿಕ್ಕವಳಾಗಿದ್ದಾಗ ತನ್ನ ತಲೆ ಬಾಚಿದವಳು, ಸುಳ್ಳು ಹೇಳುತ್ತಾಳೆಯೇ? "ಹೌದು ಸರ್, ಹೇಳಿರ್ಬೇಕು. ನಾನೇ ಮರೆತಿದ್ದೀನಿ," ಎಂದು ತಲೆ ತಗ್ಗಿಸಿದಳು.

ಸೀಟು ಹೋಯಿತು. ಅದರ ಜೊತೆಗೆ ಹುಡುಗಿಗೆ ತನ್ನ ತಲೆಯ ಮೇಲಿದ್ದ ನಂಬಿಕೆಯೂ ಹೋಯಿತು. ಬಾಗಿಲು ಹಾಕಿದೆನೇ, ನಲ್ಲಿ ನಿಲ್ಲಿಸಿದೆನೇ ಎಂದು ಹತ್ತು ಸಲ ತಿರುಗಿ ನೋಡತೊಡಗಿದಳು. ಅತ್ತೆ ಮಗಳನ್ನು ಹೊಗಳುವುದನ್ನು ನಿಲ್ಲಿಸಿದಳು. ಅತ್ತಿಗೆಗೆ ಬೇಕಾಗಿದ್ದದ್ದು ಅಷ್ಟೇ, ಸಿಕ್ಕಿತು. ಅಲ್ಲಿಗೆ ಬಿಡಬಹುದಿತ್ತು.

ಒಂದು ಬೆಳಗ್ಗೆ ಹೊಸಿಲು ದಾಟಿದ ಹುಡುಗಿ ಗಾಬರಿಯಿಂದ ಹಿಂದಿರುಗಿ ಕೂಗಿದಳು. "ಅತ್ತಿಗೆ, ನಾನು ಗ್ಯಾಸ್ ಆರಿಸಿದ್ನಾ?"

ಅತ್ತಿಗೆ ಅಡುಗೆಮನೆಯಲ್ಲೇ ಇದ್ದಳು. ಒಲೆ ಆರಿತ್ತು, ಹುಡುಗಿ ಆರಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಇಲ್ಲ ಕಣೆ," ಎಂದಳು. "ನಾನೇ ಈಗ ಆರಿಸಿದೆ."