ತೆನ್ನೆ ಒಳಗೆ ಹೋದ ದಿನ

ಎಬೋಲಾ ಶಿಬಿರದಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತ ತಾವೇ ತೀರಿಕೊಂಡವರಿಗೊಂದು ಹೆಸರು ಕೆತ್ತಿದ ನೆನಪಿನ ಗೋಡೆ ಕಟ್ಟಲು ನಮ್ಮೂರಿಗೆ ಹತ್ತು ವರ್ಷ ಬೇಕಾಯಿತು. ಸತ್ತವರು ಇಪ್ಪತ್ತೊಂದು ಮಂದಿ. ಸಮಿತಿಯ ಪಟ್ಟಿಯಲ್ಲಿದ್ದದ್ದು ಇಪ್ಪತ್ತು. ಬಿಟ್ಟುಹೋದ ಹೆಸರು ತೆನ್ನೆಯದು. ಅವಳು ನೆಲ ತೊಳೆದು ಕ್ಲೋರಿನ್ ಸಿಂಪಡಿಸುವವಳು. ರೋಗಿಗಳ ಆರೈಕೆ ಮಾಡಿದವರ ಹೆಸರು ಮಾತ್ರ ಎಂದು ಸಮಿತಿ ನಿಯಮ ಮಾಡಿಕೊಂಡಿತ್ತು. ನಿಯಮ ಮಾಡಿದ ಮಹಾಶಯರಲ್ಲಿ ಒಬ್ಬರೂ ಶಿಬಿರದ ಬೇಲಿಯೊಳಗೆ ಕಾಲಿಟ್ಟವರಲ್ಲ, ಆ ಮಾತು ಬೇರೆ.

ತೆನ್ನೆಯ ತಾಯಿ ಮಾಮಾ ಬೈಂದು ಎರಡು ಕೋಲಾ ಕಾಯಿಗಳನ್ನು ಎಲೆಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದಳು. ನಮ್ಮಲ್ಲಿ ಏನಾದರೂ ಕೇಳಲು ಬಂದವರು ಕೊಡುವ ಕೋಲಾ ಕೈಗೆ ತೆಗೆದುಕೊಂಡ ಮೇಲೆ ಆಗುವುದಿಲ್ಲ ಅನ್ನುವಂತಿಲ್ಲ. ನಾನು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ತೆಗೆದುಕೊಂಡೆ. ಸಮಿತಿಯ ಸಭೆಯಲ್ಲಿ ಮಗಳ ಪರವಾಗಿ ಒಂದು ಮಾತಾಡಬೇಕು ಅಂದಳು. ಶಿಬಿರದಲ್ಲಿ ನರ್ಸಾಗಿದ್ದು ಇನ್ನೂ ಊರಲ್ಲೇ ಉಳಿದಿರುವವಳು ನಾನೊಬ್ಬಳೇ.

"ಹೆಣಾನೂ ಕೊಡ್ಲಿಲ್ಲ ನೀವು ನಂಗೆ," ಅಂದಳು. ಬೈಯುವ ದನಿಯೇನಲ್ಲ. "ಬಿಳಿ ಚೀಲದಲ್ಲಿ ಕಟ್ಟಿ ಎಲ್ಲಿ ಹೂತ್ರೋ ಏನೋ. ಗೋಡೆ ಮೇಲೆ ಹೆಸರಿದ್ರೆ ಅಲ್ಲಾದ್ರೂ ಹೋಗಿ ಕೂತ್ಕೋತೀನಿ."

ಸಭೆ ಸೇರಿದ್ದು ಊರ ನ್ಯಾಯದ ಚಪ್ಪರದಲ್ಲಿ. ಸಮಿತಿಯ ಹಿರಿಯ ಪಾ ಲಹಾಯ್ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುವುದಕ್ಕೇ ಕಾಲು ಗಂಟೆ ತೆಗೆದುಕೊಂಡ. ಆಮೇಲೆ ಹೇಳಿದ್ದಿಷ್ಟು: ತೆನ್ನೆ ನನ್ನ ಆರೈಕೆ ಮಾಡಿದಳು ಎನ್ನುವ ರೋಗಿ ಒಬ್ಬರಿದ್ದರೆ ಸಾಕು, ಹೆಸರು ಕೆತ್ತಿಸುತ್ತೇವೆ. ಬದುಕಿ ಬಂದವರು ಹದಿನೈದು ಮಂದಿ ಅಲ್ಲಿದ್ದರು. ಯಾರೂ ಏಳಲಿಲ್ಲ. ತೊಳೆಯುವವರು ಬಂದರು, ಹೋದರು, ಯಾರು ಯಾರೋ ಏನು ಗೊತ್ತು ಅಂದರು.

ಅದು ಸುಳ್ಳೇನಲ್ಲ. ಸೋಂಕು ತಾಗದಂತೆ ತೊಡುವ ಆ ಬಿಳಿ ಉಡುಪು, ಕನ್ನಡಕ, ಮುಸುಕು ಹಾಕಿಕೊಂಡರೆ ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ. ಅದಕ್ಕೇ ಒಳಗೆ ಹೋಗುವ ಮೊದಲು ಎದೆಯ ಮೇಲಿನ ಏಪ್ರನ್ನಿಗೆ ಕಪ್ಪು ಶಾಯಿಯಲ್ಲಿ ಹೆಸರನ್ನೂ ಹೋಗುವ ಸಮಯವನ್ನೂ ಬರೆಯುತ್ತಿದ್ದೆವು. ರೋಗಿಗಳು ಅದನ್ನು ಓದಿ ಕರೆಯುತ್ತಿದ್ದರು. ಓದಲು ಬಾರದವರು ಓದಬಲ್ಲವರನ್ನು ಕೇಳಿ ಕರೆಯುತ್ತಿದ್ದರು.

ಕೊನೆಗೆ ಎದ್ದವಳು ತಿಯಾಂಗೆ. ಎದ್ದದ್ದು ತೆನ್ನೆಯ ಪರವಾಗಿ ಅಲ್ಲ, ನನ್ನನ್ನು ಹೊಗಳಲು. ಪ್ರತಿ ವರ್ಷ ತಾನು ಬದುಕಿ ಬಂದ ದಿನ ಅವಳು ನನಗೊಂದು ಕೋಳಿ ತಂದುಕೊಡುತ್ತಾಳೆ, ನಾನು ತೆಗೆದುಕೊಳ್ಳುತ್ತೇನೆ. ಮಂಚದಿಂದ ಬಿದ್ದು ತನ್ನ ಹೊಲಸಿನಲ್ಲೇ ತಾನು ಒದ್ದಾಡುತ್ತಿದ್ದಾಗ ಒಬ್ಬಳು ಎತ್ತಿ, ತೊಳೆದು, ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಸಿದಳು, ಎರಡು ತಾಸು ಬಿಟ್ಟು ಕದಲಲಿಲ್ಲ ಎಂದು ಹೇಳಿದಳು. "ಎದೆ ಮೇಲೆ ಬರ್ದಿತ್ತು, ನಾನೇ ಓದ್ದೆ. ಜೆನೆಬಾ ಅಂತ. ನನ್ ಮಗಳಿಗೂ ಅದೇ ಹೆಸರಿಟ್ಟಿದೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಮಾ ಬೈಂದು ಕೂಡ ತಟ್ಟಿದಳು. ಅದನ್ನು ನೋಡಿ ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು. ಹತ್ತು ವರ್ಷದ ಹಿಂದೆಯೇ ಹುಟ್ಟಬೇಕಾಗಿದ್ದ ಅಸಹ್ಯ.

ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಆ ಬೆಳಿಗ್ಗೆ ನನ್ನ ಏಪ್ರನ್ನಿನ ಮೇಲೆ ಜೆನೆಬಾ ಎಂದು ನನ್ನ ಹೆಸರು ಬರೆದಾಗಿತ್ತು. ಬಾಗಿಲ ತನಕ ಹೋದೆ. ಹಿಂದಿನ ದಿನ ಇಬ್ಬರು ನರ್ಸುಗಳನ್ನು ಹೂತು ಬಂದಿದ್ದೆವು. ಕಾಲು ಮುಂದೆ ಹೋಗಲಿಲ್ಲ. ಎಲ್ಲ ಬಿಚ್ಚಿ ಅಲ್ಲೇ ಕೂತುಬಿಟ್ಟೆ. ಪಕ್ಕದಲ್ಲಿ ಸಿದ್ಧವಾಗುತ್ತಿದ್ದ ತೆನ್ನೆ ನನ್ನ ಮುಖ ನೋಡಿದಳು. ಆ ವಾರ ಏಪ್ರನ್ನಿಗೂ ಬರ, ನಾನು ಬಿಚ್ಚಿದ್ದನ್ನೇ ಎತ್ತಿ ಕಟ್ಟಿಕೊಂಡಳು. "ನೀನ್ ಕೂತಿರಕ್ಕ, ನಾನ್ ಹೋಗ್ಬರ್ತೀನಿ, ನೀರು ಕುಡಿಸೋಕೆ ನರ್ಸೇ ಆಗ್ಬೇಕಾ," ಅಂದಳು. ಆ ಉಡುಪಿನ ಸೆಕೆಗೆ ಒಂದು ತಾಸಿಗೆ ಹೊರಗೆ ಬರಬೇಕಿತ್ತು. ಅವಳ ಬದಲಿಗೆ ಯಾರೂ ಹೋಗಲಿಲ್ಲ, ಎರಡು ತಾಸಾಯಿತು. ಬಂದವಳು ತಲೆ ಸುತ್ತಿ ಬಿದ್ದಳು, ಉಡುಪು ಬಿಚ್ಚುವಾಗ ಬರಿಗೈ ಎಲ್ಲಿ ತಾಗಿತೋ. ಹನ್ನೊಂದನೆಯ ದಿನ ಜ್ವರ ಬಂತು. ಅವಳ ಜೊತೆ ಒಳಗೆ ಹೋಗಿದ್ದ ನರ್ಸ್ ವಾಂಡಿಯೂ ಮುಂದಿನ ತಿಂಗಳು ತೀರಿಕೊಂಡ. ನಿಜ ಬಲ್ಲವಳು ನಾನೊಬ್ಬಳೇ ಉಳಿದೆ, ಉಳಿದು ಬಾಯಿ ಮುಚ್ಚಿಕೊಂಡೆ.

ಪಾ ಲಹಾಯ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಪಟ್ಟಿಯಲ್ಲಿ ಇಪ್ಪತ್ತೊಂದನೆಯ ಹೆಸರು ಬರೆಯಲು ಕಾರ್ಯದರ್ಶಿಗೆ ಹೇಳಿದ. ತಿಯಾಂಗೆ ಮಗಳ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳು ಬೈದಿದ್ದರೆ ಹಗುರಾಗುತ್ತಿತ್ತು.

ಮಾಮಾ ಬೈಂದು ನನ್ನ ಹತ್ತಿರ ಬಂದಳು. ಕೆನ್ನೆಗೆ ಹೊಡೆಯುತ್ತಾಳೆ ಅಂದುಕೊಂಡು ನಿಂತಿದ್ದೆ.

"ಒಳಗಡೆ ಅವ್ಳನ್ನ ಯಾರಾದ್ರೂ ತೆನ್ನೆ ಅಂತ ಕರೆದ್ರಾ?" ಎಂದು ಕೇಳಿದಳು.

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಬೇಲಿ ಬರೀ ಬಲೆಯದು, ನಾನು ಕೂತದ್ದು ಅದರಿಂದ ನಾಲ್ಕು ಮಾರು ದೂರ.

"ಇಲ್ಲಮ್ಮ," ಅಂದೆ. "ಜೆನೆಬಾ, ನೀರು ಕೊಡೇ ಅಂತ ಕೂಗ್ತಿದ್ರು. ನಂಗೆ ಕೇಳಿಸ್ತಿತ್ತು. ಪ್ರತಿ ಸಲಾನೂ ಅವಳೇ ಓ ಅಂತಿದ್ಲು."