ಸೊಲ್ಯೂಷನ್ ಡಬ್ಬ

ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುವುದು ಬೀದಿಗೆಲ್ಲ ಗೊತ್ತು. ಆ ಮೂಗಿಗೆ ಕೋಪಕ್ಕಿಂತ ಕುತೂಹಲ ಜಾಸ್ತಿ ಎನ್ನುವುದು ನನಗೆ ಮಾತ್ರ ಗೊತ್ತು. ಚಪ್ಪಲಿ ರಿಪೇರಿ ಅಂಗಡಿ ನನ್ನದು. ಗಿರಾಕಿ ಬೂಟು ಬಿಚ್ಚಿ ಕೊಟ್ಟರೆ ಸಾಕು, ಅಟ್ಟೆ ಸವೆದ ಬಗೆ ನೋಡಿ ಅವನು ಬಸ್ಸಿನ ಹಿಂದೆ ಓಡುವವನೋ, ಕೌಂಟರಿನ ಹಿಂದೆ ನಿಲ್ಲುವವನೋ ಎಂದು ಊಹಿಸುತ್ತೇನೆ. ಅರ್ಧಕ್ಕರ್ಧ ತಪ್ಪಾಗುತ್ತದೆ. ಹಾಗಂತ ಊಹಿಸುವುದನ್ನು ಬಿಟ್ಟಿಲ್ಲ.

ಆದ್ದರಿಂದ ಸೊಲ್ಯೂಷನ್ ಡಬ್ಬ ಬೇಗ ಬೇಗ ಖಾಲಿಯಾಗತೊಡಗಿದಾಗ ನನಗೆ ಮೊದಲು ಆದದ್ದು ಖುಷಿ. ಪತ್ತೇದಾರಿಕೆಗೆ ಒಂದು ಕೆಲಸ ಸಿಕ್ಕಿತಲ್ಲ! ಅಟ್ಟೆ ಅಂಟಿಸುವ ಹಳದಿ ಅಂಟನ್ನು ನಮ್ಮ ಕಸುಬಿನವರು ಸೊಲ್ಯೂಷನ್ ಎಂದೇ ಕರೆಯುವುದು. ಮುಚ್ಚಳ ಸಡಿಲವಿದ್ದರೆ ಅದು ಆರಿ ಹೋಗುತ್ತದೆ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಸುತ್ತಿದೆ. ಡಬ್ಬವನ್ನು ಬಿಸಿಲಿನಿಂದ ಸರಿಸಿದೆ. ಕಡಿಮೆ ತುಂಬಿಸಿ ಕೊಡುತ್ತೀಯಾ ಎಂದು ಅದನ್ನು ಮಾರಿದವನ ಜೊತೆ ಜಗಳವಾಡಿ ಬಂದೆ. ಡಬ್ಬ ಮಾತ್ರ ಖಾಲಿಯಾಗುತ್ತಲೇ ಇತ್ತು.

ಮನೆಯಲ್ಲಿ ನಾನು ಮತ್ತು ಯಾಕಮ್ಮ, ಇಬ್ಬರೇ. ಯಾಕಮ್ಮ ನನ್ನ ಅಕ್ಕನ ಮಗಳು, ಹತ್ತನೇ ಕ್ಲಾಸು; ನಾನು ಅವಳ ಚಿಕ್ಕಮ್ಮ. ಮಾತು ಕಲಿತಾಗಿನಿಂದ ಎಲ್ಲದಕ್ಕೂ ‘ಯಾಕೆ’ ಎನ್ನುತ್ತಿದ್ದಳು, ಹೆಸರು ಅಂಟಿಕೊಂಡಿತು. ಬೆಕ್ಕು ಮೈ ನೆಕ್ಕಿಕೊಳ್ಳುವುದು ಯಾಕೆ, ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆಯುವುದು ಯಾಕೆ. ಉತ್ತರ ಕೊಟ್ಟರೆ ಅದರ ಬಾಲ ಹಿಡಿದುಕೊಂಡು ಇನ್ನೊಂದು ‘ಯಾಕೆ’ ಬರುತ್ತಿತ್ತು. ಅಕ್ಕ ಇನ್ನೊಂದು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ನನ್ನ ತಲೆ ತಿನ್ನಲು ಯಾಕಮ್ಮ ಇಲ್ಲಿಗೇ ಬಂದಳು. ಈಚೆಗೆ ಆ ಗಲಾಟೆ ನಿಂತಿತ್ತು. ಸ್ಕೂಲಿನಿಂದ ಅಂಗಡಿಗೆ ಬರುವಳು, ಪರದೆಯ ಹಿಂದಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂರುವಳು. ದೊಡ್ಡವಳಾದಳು, ಬುದ್ಧಿ ಬಂತು ಅಂದುಕೊಂಡೆ.

ಒಂದು ಮಧ್ಯಾಹ್ನ ಸ್ಕೂಲಿನಿಂದ ಕೌನ್ಸೆಲರ್ ಮೇಡಂ ಫೋನ್ ಮಾಡಿದರು. ಮಕ್ಕಳ ಕಷ್ಟಸುಖ ಕೇಳುವುದು ಅವರ ಕೆಲಸ.

“ಗಾಬರಿ ಆಗ್ಬೇಡಿ. ನಿಮ್ಮ ಹುಡುಗಿ ಕ್ಲಾಸಲ್ಲಿ ಮಂಕಾಗಿರ್ತಾಳೆ, ಹಳೇ ಗೆಳತಿಯರ ಜೊತೆ ಸೇರ್ತಿಲ್ಲ. ಈಗ್ಲೇ ಕೂತು ಮಾತಾಡಿದ್ರೆ ಏನಾದ್ರೂ ಸೊಲ್ಯೂಷನ್ ಸಿಗುತ್ತೆ.”

ನನ್ನ ಕಿವಿ ನೆಟ್ಟಗಾಯಿತು. ಸುತ್ತಿಗೆ ಕೆಳಗಿಟ್ಟೆ.

“ಸಿಕ್ತಾ? ಎಲ್ಲಿ ಸಿಕ್ತು ಮೇಡಂ?”

“ಏನು?”

“ಸೊಲ್ಯೂಷನ್! ಇಲ್ಲಿ ಡಬ್ಬ ಡಬ್ಬಾನೇ ಖಾಲಿ ಆಗ್ತಿದೆ, ನಾನು ತಲೆ ಕೆಡಿಸ್ಕೊಂಡು ಕೂತಿದೀನಿ. ಅವಳು ಸ್ಕೂಲಿಗೆ ತರ್ತಿದಾಳಾ? ಕ್ರಾಫ್ಟ್ ಕ್ಲಾಸಿಗಾ?”

ಮೇಡಂ ಮೆಲ್ಲಗೆ ಕೇಳಿದರು, “ನಿಮ್ಮದು ಏನಂಗಡಿ?”

ಹೇಳುತ್ತಾ ಹೇಳುತ್ತಾ ನನ್ನ ನಾಲಿಗೆ ತೊದಲಿತು. ಆ ಪರದೆ, ಮಂಕು ಕಣ್ಣು, ತಲೆನೋವು ಅಂತ ಊಟ ಬಿಡುತ್ತಿದ್ದದ್ದು, ಎಲ್ಲ ಒಟ್ಟಿಗೇ ಎದುರಿಗೆ ಬಂದು ನಿಂತವು. ಅದರ ಬೆನ್ನಿಗೇ ಪಿತ್ತ ನೆತ್ತಿಗೇರಿತು.

“ಬರ್ಲಿ ಇವತ್ತು, ಚರ್ಮ ಸುಲಿದುಬಿಡ್ತೀನಿ!”

“ದಯವಿಟ್ಟು ಬೇಡ. ಬೈದ್ರೆ ಅಂಗಡೀಲಿ ಬಿಟ್ಟು ಇನ್ನೆಲ್ಲೋ ಹುಡುಕ್ತಾಳೆ. ಅಂಟು ಮೂಸೋದು ಜೀವಕ್ಕೇ ಕುತ್ತು, ಡಬ್ಬಕ್ಕೆ ಈಗ್ಲೇ ಬೀಗ ಹಾಕಿ. ನಾಳೆ ಇಬ್ರೂ ಬನ್ನಿ, ಡಾಕ್ಟರಿಗೂ ತೋರಿಸೋಣ. ಇನ್ನೂ ಶುರುವಲ್ಲೇ ಇದ್ರೆ ತಡೀಬಹುದು. ಅವಳನ್ನ ಕೇಳಿ, ಆದ್ರೆ ‘ಯಾಕೆ ಮಾಡ್ದೆ’ ಅಂತ ಶುರು ಮಾಡ್ಬೇಡಿ. ಅದು ಪ್ರಶ್ನೆ ಅಲ್ಲ, ಬೈಗುಳ.”

ಯಾಕಮ್ಮನ ಹತ್ತಿರ ‘ಯಾಕೆ’ ಎನ್ನದೆ ಮಾತಾಡಬೇಕಂತೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಸಂಜೆ ಅವಳು ಬಂದಳು. ಡಬ್ಬ ಇಟ್ಟ ಕಪಾಟಿಗೆ ಹಾಕಿದ್ದ ಬೀಗ ನೋಡಿದಳು, ನನ್ನ ಮುಖ ನೋಡಿದಳು, ಬ್ಯಾಗು ಇಳಿಸದೆ ಹಾಗೇ ನಿಂತಳು. ನಾನು ಅವಳಿಗೊಂದು ಸ್ಟೂಲು ಸರಿಸಿದೆ. ಬಾಯಿಗೆ ಬಂದದ್ದೆಲ್ಲ ಹಲ್ಲು ಕಚ್ಚಿ ತಡೆದು, ನನಗೆ ನಿಜಕ್ಕೂ ತಿಳಿಯಬೇಕಾಗಿದ್ದ ಒಂದೇ ಒಂದನ್ನು ಕೇಳಿದೆ.

“ಹೇಗಿರುತ್ತೆ ಅದು?”

ಅವಳು ಕಣ್ಣು ಕಣ್ಣು ಬಿಟ್ಟಳು. “ಬೈಯಲ್ವಾ ಚಿಕ್ಕಮ್ಮ?”

“ಬೈಗುಳ ಬಾಯಿ ತುಂಬ ಇದೆ. ಹಿಡ್ಕೊಂಡಿದೀನಿ. ನೀನು ಬೇಗ ಹೇಳು.”

ಅವಳಿಗೆ ಅರೆ ನಗು ಬಂತು, ಹಾಗೇ ಅಳುವೂ ಬಂತು.

“ಮೊದ್ಲು ಸುಮ್ನೆ. ನೀನು ದಿನವಿಡೀ ಅದರ ಪಕ್ಕಾನೇ ಕೂತಿರ್ತೀಯಲ್ಲ, ಅದ್ರಲ್ಲಿ ಏನಿದೆ ನೋಡೋಣ ಅಂತ ಮೂಸ್ದೆ. ವಾಂತಿ ಬರೋ ಹಾಗಾಯ್ತು. ಆದ್ರೆ ತಲೆ ಒಳಗೆ ಎಲ್ಲಾ ಸುಮ್ನಾಯ್ತು.”

“ಎಲ್ಲಾ ಅಂದ್ರೆ?”

“ಪ್ರಶ್ನೆಗಳು.”

ನನ್ನದೇ ಮೂಗು ಈ ಹುಡುಗಿಗೂ ಬಂದಿದೆ ಎಂದು ಒಳಗೊಳಗೇ ಬೀಗುತ್ತಿದ್ದವಳು ನಾನು. ನನಗೆ ತಡೆಯಲಾಗದಷ್ಟು ದುಃಖವಾಯಿತು.

“ಎಂಥಾ ಪ್ರಶ್ನೆಗಳೇ?”

“ಬೇಡ ಬಿಡು. ಕೇಳಿದ್ರೆ ನೀನು ‘ಸುಮ್ನಿರು’ ಅಂತೀಯ.”

ಆ ರಾತ್ರಿ ಅದಕ್ಕಿಂತ ಮುಂದೆ ಹೋಗಲಿಲ್ಲ. ಮಾರನೆಯ ದಿನ ಮೇಡಂ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಕಿಟಕಿ, ನೀರಿನ ಜಗ್ಗು. ಡಾಕ್ಟರ ಹತ್ತಿರ ಯಾವಾಗ ಹೋಗುವುದು, ಸ್ಕೂಲು ಬಿಟ್ಟ ಮೇಲೆ ಅಂಗಡಿಗೆ ಬದಲು ಎಲ್ಲಿ ಕೂರುವುದು ಎಂದೆಲ್ಲ ಮಾತಾಯಿತು. ಅವಳು ಎಲ್ಲದಕ್ಕೂ ಹೂಂ ಎಂದಳು. ಆ ಹೂಂ ನನಗೆ ಹಿಡಿಸಲಿಲ್ಲ. ಬಾಡಿಗೆಗೆ ತಂದ ಬೂಟಿನ ಹಾಗೆ ಅದು ಅವಳ ಅಳತೆಯದಲ್ಲ.

ಕೊನೆಗೆ ಮೇಡಂ, “ನಿಂಗೆ ಏನಾದ್ರೂ ಕೇಳೋದಿದ್ಯಾ?” ಎಂದರು.

ಯಾಕಮ್ಮ ಅವರತ್ತ ತಿರುಗಲಿಲ್ಲ. ನನ್ನ ಚಪ್ಪಲಿಯನ್ನೇ ನೋಡುತ್ತ ಕೇಳಿದಳು.

“ಅಮ್ಮ ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ?”

‘ಸುಮ್ನಿರು’ ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. ಉಗುಳಿನ ಜೊತೆ ನುಂಗಿದೆ.

“ನಂಗೂ ಗೊತ್ತಿಲ್ಲ ಕಣೇ. ನಾನು ಅವಳನ್ನ ಕೇಳೇ ಇಲ್ಲ.”

ಅವಳು ತಲೆಯೆತ್ತಿ ನನ್ನ ಮುಖವನ್ನು ನೋಡಿದಳು. ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನು ಚಿಕ್ಕವಳಾಗಿದ್ದಾಗ ನೋಡುತ್ತಿದ್ದಳಲ್ಲ, ಹಾಗೆ.

“ಯಾಕೆ ಕೇಳಿಲ್ಲ?”

ಮೇಡಂ ನನಗೆ ಒಂದು ಲೋಟ ನೀರು ಬಗ್ಗಿಸಿ ಕೊಟ್ಟರು. ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.